ಬೆಲೆ ಇಳಿಯಲೆಂದು ಕಾದ ಅತ್ತೆ

ಆ ದೊಡ್ಡ ದಿನಸಿ ಅಂಗಡಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಚೀಟಿಯಕ್ಕ ಎನ್ನುತ್ತಾರೆ. ಮ್ಯಾನೇಜರು ಕೂಡ ಹಾಗೇ ಕರೆಯುತ್ತಾನೆ. ಸಂಬಳದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ ಮಾತ್ರ ಅವಳಿಗೂ ಒಂದು ಹೆಸರಿದೆ ಎಂಬುದು ಅವನಿಗೆ ನೆನಪಾಗುತ್ತದೆ. ಹದಿನೇಳು ವರ್ಷದಿಂದ ಅವಳ ಕೆಲಸ ಒಂದೇ. ತಾರೀಕು ಮುಗಿಯುತ್ತ ಬಂದ ಸಾಮಾನಿಗೆ ಹಳದಿ ಚೀಟಿ ಅಂಟಿಸುವುದು. ಸೊಂಟದಲ್ಲಿ ಚೀಟಿ ಹೊಡೆಯುವ ಪುಟ್ಟ ಯಂತ್ರ, ಕೈಯಲ್ಲಿ ಪಟ್ಟಿ. ಸಂಜೆ ನಾಲ್ಕಕ್ಕೆ ಮೊದಲ ಸುತ್ತು, ಬೆಲೆಯಲ್ಲಿ ಕಾಲು ಭಾಗ ಕಡಿತ. ಆರಕ್ಕೆ ಎರಡನೇ ಸುತ್ತು, ಅರ್ಧ ಬೆಲೆ. ಏಳೂವರೆಗೆ ಕೊನೆಯ ಚೀಟಿ. ಅದು ಬಿದ್ದ ಸಾಮಾನು ಹೆಚ್ಚುಕಡಿಮೆ ಪುಕ್ಕಟೆ. ಅದನ್ನೂ ಯಾರೂ ಒಯ್ಯದಿದ್ದರೆ ಹಿಂಬಾಗಿಲ ತೊಟ್ಟಿಗೆ ಹೋಗುತ್ತದೆ.

ಆರು ಗಂಟೆಗೆ ಐದು ನಿಮಿಷ ಇರುವಾಗಲೇ ಗಿರಾಕಿಗಳು ಅವಳ ಸುತ್ತ ಸುಳಿದಾಡತೊಡಗುತ್ತಾರೆ. ಕೋಲು ಹಿಡಿದ ನಿವೃತ್ತ ಮೇಷ್ಟ್ರೊಬ್ಬರು ಬ್ರೆಡ್ಡಿನ ಕಪಾಟಿನೆದುರು ನಿಂತು, ಎಂದೂ ಕೊಳ್ಳದ ಜಾಮಿನ ಬಾಟಲಿಯ ಮೇಲಿನ ಅಕ್ಷರಗಳನ್ನು ನಾಳೆ ಪರೀಕ್ಷೆ ಇದೆಯೇನೋ ಎಂಬಂತೆ ಓದುತ್ತಾರೆ. ಅವರು ಕಾಯುತ್ತಿರುವುದು ಅರ್ಧ ಬೆಲೆಯ ಚೀಟಿಗೆ ಎಂದು ಇವಳಿಗೆ ಗೊತ್ತು. ಇವಳಿಗೆ ಗೊತ್ತು ಎಂದು ಅವರಿಗೂ ಗೊತ್ತು. ಇಬ್ಬರೂ ಆ ಮಾತೆತ್ತುವುದಿಲ್ಲ. ಒಂದೇ ಒಂದು ಬ್ರೆಡ್ಡು ಉಳಿದಿದ್ದರೆ ಅವಳು ಅದನ್ನು ಕಪಾಟಿನ ಹಿಂಬದಿಗೆ ತಳ್ಳಿಟ್ಟು ಆರರವರೆಗೆ ಕಾಪಾಡುತ್ತಾಳೆ. ಮೇಷ್ಟ್ರು ಕೆಮ್ಮುತ್ತ ಥ್ಯಾಂಕ್ಸ್ ಹೇಳುತ್ತಾರೆ. ಇಡೀ ದಿನದಲ್ಲಿ ಅವಳಿಗೆಂದೇ ಯಾರಾದರೂ ಆಡಿದ ಮಾತು ಎಷ್ಟೋ ಸಲ ಅದೊಂದೇ.

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಅವಳಷ್ಟು ನಂಬಿದವರನ್ನು ನಾನಂತೂ ನೋಡಿಲ್ಲ. ಇವತ್ತು ಪೂರ್ತಿ ಬೆಲೆಗೆ ಇರುವುದು ನಾಳೆ ಸಂಜೆ ಅರ್ಧಕ್ಕೆ ಇಳಿದೇ ಇಳಿಯುತ್ತದೆ, ಆತುರಪಟ್ಟವನಿಗೆ ನಷ್ಟ, ಇಷ್ಟೇ ಅವಳು ಜಗತ್ತಿನ ಬಗ್ಗೆ ಕಲಿತದ್ದು. ಮೂರನೇ ಮಹಡಿಯ ಅವಳ ಒಂಟಿ ಕೋಣೆಗೆ ಹೋದರೆ ಕಾಣುತ್ತದೆ. ಹಾಲಿನ ಪ್ಯಾಕೆಟ್ಟಿನ ಮೇಲೆ ಹಳದಿ ಚೀಟಿ, ಸೋಪಿನ ಮೇಲೆ ಹಳದಿ ಚೀಟಿ, ಮೊಟ್ಟೆಯ ತಟ್ಟೆಯ ಮೇಲೆ ಹಳದಿ ಚೀಟಿ. ಒಮ್ಮೆ ಯಾರೋ ಮಗುವಿನ ಹುಟ್ಟುಹಬ್ಬಕ್ಕೆಂದು ಮಾಡಿಸಿದ ಕೇಕನ್ನು ತೆಗೆದುಕೊಂಡು ಹೋಗಲು ಬರಲೇ ಇಲ್ಲ. ಗೊತ್ತಿಲ್ಲದ ಆ ಮಗುವಿನ ಹೆಸರು ಬರೆದಿದ್ದ ಕೇಕು ಕೊನೆಯ ಚೀಟಿಗೆ ಇವಳ ಪಾಲಾಯಿತು. ನಾಲ್ಕು ದಿನ ತಿಂದಳು. ಹೆಸರಿದ್ದ ಭಾಗವನ್ನು ಕತ್ತರಿಸಲು ಕೈ ಬಾರದೆ ಅದನ್ನು ಕಡೆಗೆ ಉಳಿಸಿಕೊಂಡಿದ್ದಳು.

ಇಂಥವಳನ್ನು ಜಿಪುಣಿ ಎನ್ನಬೇಡಿ, ನನಗೆ ಸಿಟ್ಟು ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿದವಳು, ಅಷ್ಟೇ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಕೆಲಸ ಹುಡುಕಿಕೊಂಡು ಇನ್ನೊಂದು ಊರಿಗೆ ಹೋದ, ಕೆಲಸವೂ ಸಿಕ್ಕಿತು, ಇನ್ನೊಂದು ಸಂಸಾರವೂ ಸಿಕ್ಕಿತು. ಅದಾದ ಮೇಲೆ ಅವಳ ಕೋಣೆಗೆ ಜೀವ ಬಂದದ್ದು ಆರೇ ವರ್ಷ, ತಮ್ಮನ ಮಗಳು ಅಲ್ಲಿದ್ದಷ್ಟು ಕಾಲ.

ತಮ್ಮ ಆಗ ದೂರದೂರಿಗೆ ಲಾರಿ ಓಡಿಸುತ್ತಿದ್ದ. ಅವನ ಹೆಂಡತಿಗೆ ಉಸಿರಾಟದ ಕಾಯಿಲೆ, ವರ್ಷದಲ್ಲಿ ಅರ್ಧ ಆಸ್ಪತ್ರೆಯಲ್ಲೇ. ಎರಡು ವರ್ಷದ ಮಗುವನ್ನು ತಂದು ಅಕ್ಕನ ಮಡಿಲಿಗೆ ಹಾಕಿ, "ಸ್ವಲ್ಪ ದಿನ ನೋಡ್ಕೋ ಅಕ್ಕ" ಎಂದ. ಆ ಸ್ವಲ್ಪ ದಿನ ಆರು ವರ್ಷವಾಯಿತು. ಕೂಸು ಎಷ್ಟು ತಿನ್ನಿಸಿದರೂ ಕಡ್ಡಿಯ ಹಾಗೇ ಇತ್ತು, ಆದ್ದರಿಂದ ಹೆಸರೂ ಕಡ್ಡಿ ಎಂದೇ ಆಯಿತು. ಬೆಳಿಗ್ಗೆ ಕಡ್ಡಿಗೆ ಜಡೆ ಹಾಕಿ ಶಾಲೆಗೆ ಬಿಡುವುದು, ಮಧ್ಯಾಹ್ನ ಕರೆತಂದು ಕೆಳಮಹಡಿಯ ದರ್ಜಿಯಮ್ಮನ ಮನೆಯಲ್ಲಿ ಕೂರಿಸಿ ಕೆಲಸಕ್ಕೆ ಓಡುವುದು, ಬಂದ ಮೇಲೆ ಇಬ್ಬರೂ ಒಂದೇ ಮಂಚದಲ್ಲಿ ಕಾಲು ಮಡಚಿ ಮಲಗುವುದು. ಆ ಆರು ವರ್ಷ ಅವಳಿಗೆ ಬೇಸರವೆಂದರೆ ಏನೆಂದು ಗೊತ್ತಿರಲಿಲ್ಲ.

ಕಡ್ಡಿಗೆ ಆರು ತುಂಬಿದಾಗ ಊರಾಚೆಯ ಹೆದ್ದಾರಿ ಪಕ್ಕದಲ್ಲಿ ಥೀಮ್ ಪಾರ್ಕ್ ಶುರುವಾಯಿತು. ಬಸ್ಸಿನ ಮೈಮೇಲೆಲ್ಲ ಅದರದ್ದೇ ಚಿತ್ರ. ಆಕಾಶದಲ್ಲಿ ತಲೆಕೆಳಗಾಗಿ ಕಿರುಚುವ ಜನ, ನೀರಿಗೆ ಜಾರುವ ಮಕ್ಕಳು, ಬೆಟ್ಟದೊಳಗೆ ನುಗ್ಗುವ ಪುಟ್ಟ ರೈಲು. "ಅತ್ತೆ, ನಾವು ಯಾವಾಗ ಹೋಗೋದು?" ಎಂದು ಕಡ್ಡಿ ಕೇಳಿದಳು. ಅತ್ತೆ ಟಿಕೆಟ್ಟಿನ ಬೆಲೆ ವಿಚಾರಿಸಿದಳು, ಕೇಳಿದ್ದು ತಪ್ಪಿರಬೇಕೆಂದು ಇನ್ನೊಮ್ಮೆ ವಿಚಾರಿಸಿದಳು. ಆದರೂ ಹೋಗಲಾಗದಷ್ಟು ಬೆಲೆಯೇನೂ ಆಗಿರಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ತಿಂಗಳು ಕೈ ಬಿಗಿ ಹಿಡಿದಿದ್ದರೆ ಆಗುತ್ತಿತ್ತು. ಆದರೆ ಅವಳ ಹನ್ನೊಂದು ವರ್ಷದ ವಿದ್ಯೆ ಬಿಡಬೇಕಲ್ಲ. "ಈಗ ಹೊಸದು, ಅದಕ್ಕೇ ದುಬಾರಿ. ಬೆಲೆ ಇಳೀಲಿ, ಹೋಗೋಣ" ಎಂದಳು.

ಬೆಲೆ ಇಳಿಯಲಿಲ್ಲ. ಆ ಪಾರ್ಕಿನವರಿಗೆ ನಾಚಿಕೆ ಎಂಬುದೇ ಇಲ್ಲ. ಒಂದು ವರ್ಷ ಹೊಸ ಜಾರುಬಂಡೆ ಕಟ್ಟಿದೆವು ಎಂದು ಏರಿಸಿದರು, ಮರುವರ್ಷ ಹಳೇ ಜಾರುಬಂಡೆ ರಿಪೇರಿ ಮಾಡಿದೆವು ಎಂದು ಏರಿಸಿದರು. ಅಷ್ಟರಲ್ಲಿ ತಮ್ಮನ ಹೆಂಡತಿ ಸುಧಾರಿಸಿಕೊಂಡಳು. ರೈಲಿನಲ್ಲಿ ನಾಲ್ಕು ಗಂಟೆ ದೂರದ ಇನ್ನೊಂದು ಊರಿನ ಲಾರಿ ಡಿಪೋದಲ್ಲಿ ತಮ್ಮನಿಗೆ ಕೂತು ಮಾಡುವ ಕೆಲಸ ಸಿಕ್ಕಿತು. ಮಗಳನ್ನು ಕರೆದುಕೊಂಡು ಹೋಗಲು ಬಂದ. ಹೆತ್ತವರು ಕೇಳಿದರೆ ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಅವಳು ಬಟ್ಟೆ ಮಡಚಿ ಕೊಟ್ಟಳು. ರೈಲು ನಿಲ್ದಾಣದಲ್ಲಿ ಮಾತ್ರ ಎಂಟು ವರ್ಷದ ಕಡ್ಡಿಯನ್ನು ಪಕ್ಕಕ್ಕೆ ಕರೆದಳು.

"ಆ ಪಾರ್ಕಿಗೆ ಮೊದಲನೇ ಸಲ ನಿನ್ನ ಕರ್ಕೊಂಡು ಹೋಗೋದು ನಾನೇ. ಬೇರೆ ಯಾರ ಜೊತೆಗೂ ಹೋಗ್ಬಾರ್ದು. ಮಾತು ಕೊಡು."

"ಕೊಟ್ಟೆ ಅತ್ತೆ. ಆದ್ರೆ ನೀನು ಬೇಗ ಕರ್ಕೊಂಡು ಹೋಗ್ಬೇಕು."

ಅವಳ ಬದುಕಿನಲ್ಲಿ ಇನ್ನೂ ಬಾಕಿ ಇದ್ದ ಸಂತೋಷ ಇದೊಂದೇ ಎಂದರೆ ನೀವು ನಗಬಹುದು. ನಗಿ. ಕೆಲಸದಿಂದ ಬಂದು ಕೋಣೆಯ ಬೀಗ ತೆಗೆಯುವಾಗ, ಒಬ್ಬಳೇ ಬ್ರೆಡ್ಡು ಸುಟ್ಟು ತಿನ್ನುವಾಗ ಅವಳು ನೆನೆಯುತ್ತಿದ್ದದ್ದು ಆ ಒಂದು ದಿನವನ್ನು. ಆ ಎತ್ತರವನ್ನೂ ಆ ನೀರನ್ನೂ ಕಡ್ಡಿ ಮೊದಲ ಸಲ ನೋಡುವಾಗ ಪಕ್ಕದಲ್ಲಿ ತಾನಿರಬೇಕು. ಹೆತ್ತವಳಿಗೆ ಮಿಕ್ಕದ್ದೆಲ್ಲ ಸೇರಿತು, ಅದೊಂದು ತನಗಿರಲಿ.

ಪ್ರತಿ ಬೇಸಿಗೆ ರಜೆಯಲ್ಲಿ ಕಡ್ಡಿ ಒಂದು ವಾರ ಅತ್ತೆಯ ಮನೆಗೆ ಬರುತ್ತಿದ್ದಳು. ಮೊದಲ ವರ್ಷ ಬೆಲೆ ಏರಿದ್ದು ಆಗಷ್ಟೇ, ಇಳಿಯಲೆಂದು ಕಾದರು. ಎರಡನೇ ವರ್ಷ ರಿಯಾಯಿತಿ ಇತ್ತು, ಕಡ್ಡಿ ಬರುವ ಹಿಂದಿನ ದಿನ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂರನೇ ವರ್ಷ ಹುಡುಗಿ ತಾನಾಗಿ ಕೇಳಲಿಲ್ಲ. ಅತ್ತೆಗೆ ಅದು ಜಾಣತನ ಎನ್ನಿಸಿತು, ಕಷ್ಟ ಅರ್ಥವಾಗುವ ವಯಸ್ಸು ಎಂದುಕೊಂಡಳು. ಆ ವರ್ಷವೇ ಕಡ್ಡಿ "ನೀನು" ಬಿಟ್ಟು "ನೀವು" ಎನ್ನತೊಡಗಿದ್ದಳು. ದೊಡ್ಡವರಿಗೆ ಹಾಗೇ ಹೇಳಬೇಕೆಂದು ಅಮ್ಮ ಕಲಿಸಿದ್ದಾಳಂತೆ. ಒಳ್ಳೆಯದೇ. ಆದರೂ ಮೊದಲ ಸಲ ಕೇಳಿದಾಗ ಬೇರೆ ಯಾರಿಗೋ ಹೇಳಿದಳೇನೋ ಎಂದು ಅವಳು ಹಿಂತಿರುಗಿ ನೋಡಿದ್ದಳು.

ಈ ವರ್ಷ ಕಡ್ಡಿಗೆ ಹನ್ನೆರಡು. ವಾರವಿಡೀ ಉಳಿಯುವುದಿಲ್ಲ, ಟ್ಯೂಷನ್ ಇದೆ, ಶುಕ್ರವಾರ ಸಂಜೆ ಬಂದು ಭಾನುವಾರ ಬೆಳಿಗ್ಗೆ ಹೋಗುತ್ತಾಳೆ ಎಂದು ತಮ್ಮ ಫೋನಿನಲ್ಲಿ ಹೇಳಿದ. ಅದೇ ವಾರ ಬಸ್ಸಿನ ಮೇಲಿನ ಜಾಹೀರಾತೂ ಬದಲಾಯಿತು. ಮುಂದಿನ ತಿಂಗಳ ಒಂದರಿಂದ ಹೊಸ ದರ. ಬೆಲೆ ಏರುವುದಕ್ಕೂ ಈಗ ಜಾಹೀರಾತು ಹಾಕುತ್ತಾರೆ ನೋಡಿ, ಕಾಲ ಹಾಗಿದೆ. ಚೀಟಿಯಕ್ಕ ಬಸ್ಸಿನಿಂದ ಇಳಿಯುವಷ್ಟರಲ್ಲಿ ತೀರ್ಮಾನ ಮಾಡಿದ್ದಳು. ಇನ್ನು ಮೀನಮೇಷ ಎಣಿಸುವುದಿಲ್ಲ. ಈ ಸಲ ಹೋಗುವುದೇ.

"ತಮ್ಮ, ಶನಿವಾರ ಕಡ್ಡೀನ ಪಾರ್ಕಿಗೆ ಕರ್ಕೊಂಡು ಹೋಗ್ತೀನಿ" ಎಂದಳು.

ತಮ್ಮ ತಡವರಿಸಿದ. "ಪಾರ್ಕಿಗಾ? ಈಗ ತುಂಬಾ ರೇಟ್ ಆಗಿದೆ ಅಕ್ಕ. ಯಾಕೆ ಸುಮ್ನೆ ಖರ್ಚು?"

"ನನ್ನ ಹತ್ರಾನೇ ರೇಟಿನ ಮಾತಾಡ್ತೀಯಲ್ಲೋ. ನಾನು ಕಡಿಮೆಗೆ ಹುಡುಕ್ತೀನಿ. ಅವಳಿಗೆ ಫೋನ್ ಕೊಡು."

ಕಡ್ಡಿ ಬಂದಳು. ವಿಷಯ ಕೇಳಿ "ಪಾರ್ಕಿಗಾ?" ಎಂದು ಅವಳೂ ಅಪ್ಪನ ಹಾಗೇ ಕೇಳಿದಳು. ಆಮೇಲೆ, "ಹೂಂ ಅತ್ತೆ, ಹೋಗೋಣ. ನೀವು ಕರ್ಕೊಂಡು ಹೋಗ್ತೀನಿ ಅಂದಿದ್ರಲ್ಲ" ಎಂದಳು. ಮಗು ಇನ್ನೂ ಮರೆತಿಲ್ಲವಲ್ಲ ಎಂದು ಅತ್ತೆಗೆ ಖುಷಿಯಾಗಿ ಕಣ್ಣು ತೇವವಾಯಿತು.

ಹುಡುಕಾಟ ಶುರುವಾಯಿತು. ಲೈಬ್ರರಿ ಕಾರ್ಡಿದ್ದರೆ ರಿಯಾಯಿತಿ ಎಂದು ಯಾರೋ ಅಂದರು. ಲೈಬ್ರರಿಗೆ ಹೋಗಿ ಕಾರ್ಡು ಮಾಡಿಸಿಕೊಂಡಳು, ಅದು ಮ್ಯೂಸಿಯಮ್ಮಿಗೆ ಮಾತ್ರ ಎಂದು ತಿಳಿಯಿತು. ಹತ್ತು ಜನರ ಗುಂಪಿಗೆ ಮುಕ್ಕಾಲು ಬೆಲೆ ಎಂದು ಪಾರ್ಕಿನ ಹೆಂಗಸು ಫೋನಿನಲ್ಲಿ ಹೇಳಿದಳು. ಹತ್ತು ಜನ! ಚೀಟಿಯಕ್ಕ ಬೆರಳು ಮಡಚಿ ಎಣಿಸಿದಳು. ತಾನು, ಕಡ್ಡಿ, ಕೆಳಗಿನ ದರ್ಜಿಯಮ್ಮ. ದರ್ಜಿಯಮ್ಮನಿಗೆ ಮಂಡಿ ನೋವು, ಬರುವುದಿಲ್ಲ. ಬ್ರೆಡ್ಡಿನ ಮೇಷ್ಟ್ರ ಮನೆ ಎಲ್ಲಿದೆ ಎಂಬುದೂ ಅವಳಿಗೆ ಗೊತ್ತಿಲ್ಲ. ನಾಲ್ಕನೆಯ ಬೆರಳಿಗೆ ಯಾರೂ ಸಿಗಲಿಲ್ಲ. ಆ ಸಂಜೆ ಅವಳು ಚೀಟಿ ಅಂಟಿಸುವಾಗ ಗುಂಪು ಗುಂಪಾಗಿ ಬಂದು ಗಾಡಿ ತುಂಬಿಕೊಂಡು ಹೋಗುವ ಸಂಸಾರಗಳನ್ನು ನೋಡುತ್ತ ನಿಂತಿದ್ದಳು. ಈ ಲೋಕದಲ್ಲಿ ಒಂಟಿ ಜನಕ್ಕೇ ಎಲ್ಲ ದುಬಾರಿ, ಬಿಡಿಯಾಗಿ ಕೊಂಡ ಬಾಳೆಹಣ್ಣಿಗೂ ಡಜನ್ನಿನ ಲೆಕ್ಕಕ್ಕಿಂತ ಹೆಚ್ಚು ಬೀಳುತ್ತದೆ.

ಕಡೆಗೆ ದಾರಿ ತೋರಿಸಿದ್ದು ಮೂರನೇ ಕೌಂಟರಿನ ಹುಡುಗಿ. ಆ ಹುಡುಗಿ ಬಿಲ್ ಹೊಡೆಯುತ್ತ ಹೊಡೆಯುತ್ತಲೇ ಊರಿನ ಸುದ್ದಿಯೆಲ್ಲ ತಿಳಿದುಕೊಳ್ಳುವವಳು.

"ಅಕ್ಕ, ಕಿತ್ತಳೆ ಜ್ಯೂಸಿನ ಬಾಟಲಿ ಹಿಂದೆ ಪಾರ್ಕಿನ ಕೂಪನ್ ಇದೆಯಲ್ಲ. ಒಂದು ಟಿಕೆಟ್ ತಗೊಂಡ್ರೆ ಇನ್ನೊಂದು ಫ್ರೀ. ನಿಮ್ಮ ಕಪಾಟಲ್ಲೇ ಸಾಲಾಗಿ ನಿಂತಿವೆ."

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು. ಓಡಿದಳು. ಬಾಟಲಿ ತಿರುಗಿಸಿ ನೋಡಿದರೆ ಕೂಪನ್ನಿನ ಚಿತ್ರ ಇದೆ, ಕೋಡ್ ಮಾತ್ರ ಕಾಣುವುದಿಲ್ಲ. ಅದರ ಮೇಲೆ ನೀಟಾಗಿ, ಒಂದು ಗುಳ್ಳೆಯೂ ಏಳದಂತೆ ಹಳದಿ ಚೀಟಿ ಕೂತಿದೆ. ಹಳೇ ಬಾರ್‌ಕೋಡ್ ಒಂದು ಗೆರೆಯೂ ಕಾಣದ ಹಾಗೆ ಅದರ ಮೇಲೇ ಚೀಟಿ ಅಂಟಿಸಬೇಕು, ಇಲ್ಲವಾದರೆ ಕೌಂಟರಿನಲ್ಲಿ ಹಳೇ ಬೆಲೆಯೇ ಬಂದುಬಿಡುತ್ತದೆ. ಹೊಸಬರಿಗೆ ಅವಳೇ ಕಲಿಸಿದ ಪಾಠ. ಕೂಪನ್ನಿನ ಕೋಡ್ ಇದ್ದದ್ದು ಬಾರ್‌ಕೋಡಿನ ಕೆಳಗೇ. ಅಗ್ಗದ ಬಾಟಲಿ ಒಂದನ್ನೂ ಬಿಡದೆ ಎಲ್ಲಕ್ಕೂ ಅವಳ ಕೈಯೇ ಬಿದ್ದಿತ್ತು. ಮಾಡಿದ್ದುಣ್ಣೋ ಮಹರಾಯ.

ಆದರೂ ಸೋಲಲಿಲ್ಲ. ನಾಲ್ಕು ಬಾಟಲಿ ಅರ್ಧ ಬೆಲೆಗೆ ಕೊಂಡು ಕೋಣೆಗೆ ಒಯ್ದು, ಬಿಸಿನೀರಿನಲ್ಲಿ ನೆನೆಸಿ, ಉಗುರಿನಲ್ಲಿ ಎಬ್ಬಿಸಿ ನೋಡಿದಳು. ಚೀಟಿಯ ಜೊತೆ ಕೋಡೂ ಸುಲಿದು ಬಂತು. ಅವಳು ಅಂಟಿಸಿದ್ದು ಸುಲಭವಾಗಿ ಬಿಡುವಂಥದ್ದಲ್ಲ. ಒಂದು ವಾರ ಮೂರು ಹೊತ್ತೂ ಕಿತ್ತಳೆ ಜ್ಯೂಸು ಕುಡಿದು ಹುಳಿತೇಗು ಬಂದದ್ದೊಂದೇ ಲಾಭ. ಕೊನೆಗೆ ಒಂದು ಮಧ್ಯಾಹ್ನ ಹೊಸ ತಾರೀಕಿನ, ಪೂರ್ತಿ ಬೆಲೆಯ ಬಾಟಲಿಯೊಂದನ್ನು ಹಿಡಿದು ಮೂರನೇ ಕೌಂಟರಿಗೆ ಬಂದಳು. ಹುಡುಗಿ ಬಾಟಲಿಯನ್ನು ಎರಡು ಸಲ ತಿರುಗಿಸಿದಳು.

"ಏನಕ್ಕ, ಯಂತ್ರ ಕೆಟ್ಟಿದೆಯಾ? ಚೀಟಿನೇ ಇಲ್ಲ."

"ಬಾಯಿ ಮುಚ್ಚಿ ಬಿಲ್ ಹಾಕು."

ಕೂಪನ್ನಿನ ಕೆಳಗೆ ಸಣ್ಣ ಅಕ್ಷರ ಇತ್ತು. ಭಾನುವಾರ ನಡೆಯುವುದಿಲ್ಲ, ಇಬ್ಬರೂ ಒಟ್ಟಿಗೇ ಒಳಗೆ ಹೋಗಬೇಕು, ಆ ದಿನದ ದರಕ್ಕೆ ಅನ್ವಯ. ಶನಿವಾರಕ್ಕೆ ಇನ್ನೂ ಹನ್ನೆರಡು ದಿನ. ತಾರೀಕು ಹತ್ತಿರ ಬಂದ ಹಾಗೆ ಬೆಲೆ ಇನ್ನೂ ಇಳಿಯಲಿ, ಆಮೇಲೆ ತೆಗೆಯೋಣ ಎಂದು ಅವಳು ಕಾದಳು. ನಾಯಿಬಾಲ ಡೊಂಕೇ. ದಿನಾ ಬೆಳಿಗ್ಗೆ ಫೋನಿನಲ್ಲಿ ನೋಡುತ್ತಿದ್ದಳು. ಇಳಿಯುವ ಬದಲು ಒಂದೊಂದು ದಿನ ಒಂದಿಷ್ಟು ಏರಿತ್ತು. ಪಾರ್ಕಿನ ಯಂತ್ರ ಕೆಟ್ಟಿರಬೇಕು ಎಂದುಕೊಂಡಳು. ಗುರುವಾರ ಕೌಂಟರಿನ ಹುಡುಗಿ ಅದನ್ನು ನೋಡಿ ಹಣೆ ಚಚ್ಚಿಕೊಂಡಳು.

"ಅಕ್ಕ, ಅದೇನು ಬ್ರೆಡ್ಡಾ ಹಳಸೋದಕ್ಕೆ? ದಿನ ಹತ್ತಿರ ಬಂದಷ್ಟೂ ಏರುತ್ತೆ. ನೀವು ಮೊನ್ನೇನೇ ತಗೋಬೇಕಿತ್ತು."

"ಮೊನ್ನೆ ಎಲ್ಲಿ ಬಂತು, ಆರು ವರ್ಷದ ಹಿಂದೇನೇ ತಗೋಬೇಕಿತ್ತು" ಎಂದಳು ಚೀಟಿಯಕ್ಕ. ಆರು ವರ್ಷದ ಲೆಕ್ಕವೇ ತಲೆಕೆಳಗಾದಂತೆ ಅನ್ನಿಸಿ ಅವಳ ಮುಖ ಹುಳ್ಳಗಾಯಿತು. ಅಲ್ಲೇ ನಿಂತು ಹುಡುಗಿಯ ಕೈಯಿಂದ ಟಿಕೆಟ್ ಮಾಡಿಸಿದಳು. ಒಂದು ಟಿಕೆಟ್ ಫ್ರೀ ಸಿಕ್ಕರೂ, ಆರು ವರ್ಷದ ಹಿಂದೆ ಇಬ್ಬರಿಗೆ ಆಗುತ್ತಿದ್ದುದಕ್ಕಿಂತ ಸ್ವಲ್ಪ ಹೆಚ್ಚೇ ಬಿತ್ತು.

ಶನಿವಾರ ಬೆಳಿಗ್ಗೆ ಅತ್ತೆ ಐದಕ್ಕೇ ಎದ್ದು ಬ್ರೆಡ್ಡಿಗೆ ಮೊಟ್ಟೆ ಹಚ್ಚಿ ಕಟ್ಟಿಕೊಂಡಳು. ಪಾರ್ಕಿನ ನಕ್ಷೆಯನ್ನು ಅಂಗಡಿಯ ಪ್ರಿಂಟರಿನಲ್ಲಿ ತೆಗೆದು, ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಳು. ಕಡ್ಡಿ ಈಗ ಅತ್ತೆಯ ಭುಜಕ್ಕೆ ಬರುತ್ತಾಳೆ, ತನ್ನ ಜಡೆ ತಾನೇ ಹಾಕಿಕೊಳ್ಳುತ್ತಾಳೆ. ಹಿಂದಿನ ಸಂಜೆ ಅತ್ತೆ ಬಾಚಣಿಗೆ ಹಿಡಿದು ಕೂತಿದ್ದು ದಂಡವಾಯಿತು.

ಗೇಟಿನ ಬಳಿ ಸಾಲು ಉದ್ದವಾಗಿತ್ತು. ಕಡ್ಡಿ ಅತ್ತೆಯ ಚೀಲ ಮುಟ್ಟಿ ನೋಡಿದಳು. "ಅತ್ತೆ, ಬ್ರೆಡ್ಡು ಒಳಗೆ ಬಿಡಲ್ಲ. ಇಲ್ಲೇ ತಿಂದ್ಬಿಡೋಣ."

"ನಿಂಗ್ಯಾರು ಹೇಳಿದ್ರು?"

"ಫೋನಲ್ಲಿ ಓದಿದೆ."

ಇಬ್ಬರೂ ಸಾಲಿನಲ್ಲಿ ನಿಂತೇ ತಿಂದರು. ಒಳಗೆ ಹೋದ ಮೇಲೆ ಅತ್ತೆ ನಕ್ಷೆ ಬಿಚ್ಚಿ ಯಾವ ಕಡೆ ಎಂದು ತಿಳಿಯದೆ ಗಿರ್ರನೆ ಸುತ್ತಿದಳು. ಕಡ್ಡಿ ಮೆಲ್ಲಗೆ ಮೊಣಕೈ ಹಿಡಿದು, "ಈ ಕಡೆ ಬನ್ನಿ" ಎಂದಳು. ಈ ಕಾಲದ ಮಕ್ಕಳು ಎಷ್ಟು ಚುರುಕು ಎಂದು ಅತ್ತೆ ಬೀಗಿದಳು. ತಲೆಕೆಳಗಾಗುವ ರೋಲರ್ ಕೋಸ್ಟರ್ ಕಂಡಾಗ ಕಡ್ಡಿ ಬಾಯಿ ತೆರೆದು, "ಅಬ್ಬಾ, ಎಷ್ಟು ಎತ್ತರ ಅತ್ತೆ" ಎಂದಳು. ಆ ಮುಖವನ್ನು ನೋಡಲೆಂದೇ ಆರು ವರ್ಷ ಕಾದವಳು ಅತ್ತೆ. ಕಣ್ತುಂಬ ನೋಡಿದಳು. ನೀರಾಟದಲ್ಲಿ ಇಬ್ಬರೂ ಒದ್ದೆಯಾದರು, ತಿರುಗುವ ಬಟ್ಟಲಿನಲ್ಲಿ ಅತ್ತೆಗೆ ತಲೆ ಸುತ್ತಿ ಕಡ್ಡಿ ನಕ್ಕೂ ನಕ್ಕೂ ಬಿಕ್ಕಳಿಕೆ ತರಿಸಿಕೊಂಡಳು. ಇಷ್ಟು ಸಂತೋಷ ತನ್ನ ಪಾಲಿಗೆ ಇತ್ತೇ ಎಂದು ಅತ್ತೆಗೆ ಅನ್ನಿಸಿತು.

ಮಧ್ಯಾಹ್ನ ಗುಹೆ ರೈಲಿಗೆ ಬಂದರು. ಬೆಟ್ಟದೊಳಗೆ ನುಗ್ಗುವ ಪುಟ್ಟ ರೈಲು, ಒಂದೊಂದು ಡಬ್ಬಿಯಲ್ಲಿ ಇಬ್ಬಿಬ್ಬರು. ಅತ್ತೆಗೆ ಕತ್ತಲೆಂದರೆ ಭಯ, ಕೋಣೆಯಲ್ಲಿ ಒಬ್ಬಳೇ ಮಲಗುವಾಗಲೂ ಸಣ್ಣ ದೀಪ ಬೇಕು. ಆದರೂ ಕೂತಳು. ರೈಲು ಹೊರಟಿತು, ಹಿಂದಿನ ಬೆಳಕು ಸಣ್ಣದಾಗುತ್ತ ಬಂತು, ಅತ್ತೆ ಕಬ್ಬಿಣದ ಸರಳನ್ನು ಬಿಗಿಹಿಡಿದಳು. ಕಡ್ಡಿ ಅವಳ ಕೈಯನ್ನು ಸರಳಿನಿಂದ ಬಿಡಿಸಿ ತನ್ನ ಕೈಯೊಳಗೆ ತೆಗೆದುಕೊಂಡಳು.

"ಈಗ ಎಡಕ್ಕೆ ತಿರುಗುತ್ತೆ. ಆಮೇಲೆ ಪೂರ್ತಿ ಕತ್ತಲೆ. ಹೆದರ್ಬೇಡ ಅತ್ತೆ, ನೂರು ಎಣಿಸೋದ್ರಲ್ಲಿ ಮುಗಿದೋಗುತ್ತೆ. ಮಧ್ಯ ಒಂದ್ಸಲ ಮುಖಕ್ಕೆ ತಣ್ಣಗೆ ಗಾಳಿ ಊದುತ್ತೆ, ಅಷ್ಟೇ."

ರೈಲು ಎಡಕ್ಕೆ ತಿರುಗಿತು. ಪೂರ್ತಿ ಕತ್ತಲಾಯಿತು. ಅತ್ತೆ ಎಣಿಸಿದಳು. ಅರವತ್ತರ ಹತ್ತಿರ ಬಂದಾಗ ಮುಖಕ್ಕೆ ತಣ್ಣಗೆ ಗಾಳಿ ಊದಿತು.

ಅವಳ ಎಣಿಕೆ ಅಲ್ಲಿಗೇ ನಿಂತಿತು. ಬ್ರೆಡ್ಡು ಒಳಗೆ ಬಿಡದ್ದು, ನಕ್ಷೆ ಬೇಡವಾದದ್ದು, ಫೋನಿನಲ್ಲಿ ತಮ್ಮ ತಡವರಿಸಿದ್ದು, ಎಲ್ಲವೂ ಒಟ್ಟಿಗೆ ತಿಳಿಯಿತು. ಕಡ್ಡಿ ಇಲ್ಲಿಗೆ ಮೊದಲೇ ಒಮ್ಮೆ ಬಂದಿದ್ದಾಳೆ. ಅತ್ತೆಗೆ ಅಳು ಬಂತು. ಕತ್ತಲಿದ್ದದ್ದು ಒಳ್ಳೆಯದಾಯಿತು, ಹೊರಗೆ ಬರುವಷ್ಟರಲ್ಲಿ ತೋಳಿನಲ್ಲಿ ಮುಖ ಒರೆಸಿಕೊಂಡಳು.

ಗುಹೆಯ ಎದುರಿಗೆ ಒಂದು ಬೆಂಚಿತ್ತು. ಇಬ್ಬರೂ ಕೂತರು. ಎದುರಿನಿಂದ ಸಂಸಾರಗಳು ಹಿಂಡು ಹಿಂಡಾಗಿ ಹಾದುಹೋಗುತ್ತಿದ್ದವು. ಬಾಯಿ ಬಿಟ್ಟರೆ ದಿನ ಹಾಳಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬಿಡದಿದ್ದರೆ ಈ ಮಗು ಸಂಜೆಯವರೆಗೂ ನಾಟಕ ಆಡುತ್ತಲೇ ಇರಬೇಕು.

"ಕಡ್ಡಿ, ಇಲ್ಲಿಗೆ ಯಾವಾಗ ಬಂದಿದ್ದೆ?"

ಕಡ್ಡಿ ತನ್ನ ಒದ್ದೆ ಚಪ್ಪಲಿ ಕಳಚಿ ನೀರು ಕೊಡವಿದಳು. "ನಾಲ್ಕನೇ ಕ್ಲಾಸಲ್ಲಿ" ಎಂದಳು ಕಡೆಗೆ. "ಶಾಲೆಯಿಂದ ಟೂರ್ ಕರ್ಕೊಂಡು ಬಂದಿದ್ರು. ಹೋಗಲ್ಲ ಅಂದೆ. ಎಲ್ಲಾರೂ ಹೋಗ್ತಿದ್ದಾರೆ, ನೀನೊಬ್ಬಳೇ ಯಾಕೆ ಅಂತ ಅಮ್ಮ ಕಳಿಸಿದ್ರು. ಬಸ್ಸು ನಿಮ್ಮ ಅಂಗಡಿ ಮುಂದೇನೇ ಹೋಯ್ತು ಅತ್ತೆ. ನಿಲ್ಸಿ ಅಂತ ಕೇಳ್ದೆ, ಮಿಸ್ಸು ಬೇಡ ಅಂದ್ರು."

ನಾಲ್ಕನೇ ಕ್ಲಾಸು. ಅಂದರೆ ಮೂರು ವರ್ಷ. ಬಸ್ಸು ಮುಂದೆ ಹೋಗುವಾಗ ಇವಳು ಒಳಗೆ ಯಾವ ಕಪಾಟಿನೆದುರು ನಿಂತಿದ್ದಳೋ.

"ಹೇಳೋದಲ್ವಾ."

"ನೀವು ಅಷ್ಟೊಂದು ಆಸೆ ಇಟ್ಕೊಂಡಿದ್ರಿ. ಮಾತು ಬೇರೆ ಕೊಟ್ಟಿದ್ದೆ."

ಬೈಯಲು ಏನಿದೆ? ಮಾತು ತಪ್ಪಿದ್ದು ಮಗುವಲ್ಲ. ಬೇಗ ಕರೆದುಕೊಂಡು ಹೋಗಬೇಕು ಎಂದು ಅದು ಕೇಳಿಕೊಂಡಿತ್ತು. ಅತ್ತೆ ಅದರ ಒದ್ದೆ ಜಡೆಯನ್ನು ಹಿಂದಕ್ಕೆ ಸರಿಸಿದಳು. ತಾನು ಇಲ್ಲದೆ ಮುಗಿದುಹೋದ ಆ ದಿನದ ಬಗ್ಗೆ ಸ್ವಲ್ಪವಾದರೂ ತಿಳಿದುಕೊಳ್ಳಬೇಕು ಎನ್ನಿಸಿತು.

"ಮೊದಲನೇ ಸಲ ಈ ಗುಹೆಯಲ್ಲಿ ಹೆದರಿದ್ಯಾ?"

"ತುಂಬಾ ಹೆದರಿದ್ದೆ ಅತ್ತೆ. ಕತ್ತಲೆ ಇಷ್ಟೊತ್ತು ಇರುತ್ತೆ ಅಂತ ಯಾರೂ ಹೇಳಿರ್ಲಿಲ್ಲ."

"ಯಾರ ಕೈ ಹಿಡ್ಕೊಂಡೆ ಮತ್ತೆ? ಫ್ರೆಂಡ್ದಾ?"

"ಇಲ್ಲ. ನಾವು ಇಪ್ಪತ್ತೊಂದು ಜನ ಇದ್ವಿ. ಇಬ್ಬಿಬ್ಬರು ಕೂತಾದ್ಮೇಲೆ ನಾನೊಬ್ಬಳೇ ಉಳಿದೆ. ನನ್ನ ಡಬ್ಬೀಲಿ ಯಾರೋ ಒಬ್ಬರು ಆಂಟಿ ಬಂದು ಕೂತ್ಕೊಂಡ್ರು. ನಿಮ್ಮಷ್ಟೇ ವಯಸ್ಸು. ಒಳಗೆ ಹೋದ ತಕ್ಷಣ ಅವರ ಕೈ ಹಿಡ್ಕೊಂಡ್ಬಿಟ್ಟೆ. ಅವರೇನೂ ಅನ್ಲಿಲ್ಲ. ನೂರು ಎಣಿಸು ಅಂತ ಹೇಳ್ಕೊಟ್ರು. ಹೊರಗೆ ಬರೋವರೆಗೂ ಕೈ ಬಿಡಲಿಲ್ಲ."

"ಒಳ್ಳೆಯವರು" ಎಂದಳು ಅತ್ತೆ.

ಗುಹೆಯಿಂದ ಇನ್ನೊಂದು ರೈಲು ಹೊರಬಂತು, ಜನ ಕಣ್ಣುಜ್ಜಿಕೊಳ್ಳುತ್ತ ಇಳಿದರು. ಅವಳು ಅವರಲ್ಲಿ ತನ್ನಷ್ಟು ವಯಸ್ಸಿನ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದಳು. ಆ ಹೆಂಗಸು ಯಾರಿದ್ದಿರಬಹುದು? ಅವಳೂ ತನ್ನ ಹಾಗೆ ಒಂಟಿಯೇ ಇರಬೇಕು, ಇಲ್ಲದಿದ್ದರೆ ಕಡ್ಡಿಯ ಪಕ್ಕದ ಒಂದು ಖಾಲಿ ಜಾಗಕ್ಕೆ ಬಂದು ಕೂರುತ್ತಿರಲಿಲ್ಲ. ಆದರೂ ಅವಳು ಬಂದಿದ್ದಳು. ಆ ದಿನದ ಬೆಲೆ ಎಷ್ಟಿತ್ತೋ ಅಷ್ಟನ್ನೂ ಕೊಟ್ಟು ಒಳಗೆ ಬಂದಿದ್ದಳು.